ಸಾಹೇಬರು ಒಂದೇ ಸಲ ಕೇಳಿದರು

ವರ್ಷಕ್ಕೊಮ್ಮೆ ಟ್ರಂಕಿನ ತಳದಿಂದ ದಾದಿಯ, ಅಂದರೆ ಅಪ್ಪನ ಅವ್ವನ, ಕೌದಿಯನ್ನು ತೆಗೆದು ಮಹಡಿಯ ಮೇಲೆ ಬಿಸಿಲಿಗೆ ಹಾಕುತ್ತೇನೆ. ಬೇವಿನೆಲೆ, ಒಲೆಯ ಹೊಗೆ, ಹಳೇ ಬಟ್ಟೆ ಮೂರೂ ಬೆರೆತ ವಾಸನೆ ಏಳುತ್ತದೆ. ದಾವಣಗೆರೆಯ ಈ ಮನೆಯಲ್ಲಿ ಅದು ಯಾವುದಕ್ಕೂ ಹೊಂದುವುದಿಲ್ಲ. ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡರೂ ತಪ್ಪು ಹೇಳಲಾರೆ. ನನಗೆ ಮಾತ್ರ ಅದು ಶಾಲೆಯ ವಾಸನೆ. ನಿಮ್ಮ ನಿಮ್ಮ ಶಾಲೆಗಳು ಸೀಮೆಸುಣ್ಣದ್ದೋ ಹೊಸ ಪುಸ್ತಕದ್ದೋ ವಾಸನೆ ಹೊತ್ತು ನೆನಪಿಗೆ ಬರುತ್ತಿರಬಹುದು. ನಮ್ಮ ಶಾಲೆ ಒಂದೇ ಒಂದು ದಿನ ಕೌದಿಯ ವಾಸನೆ ಹೊಡೆದಿತ್ತು. ಆ ಒಂದು ದಿನ ಸಾಕಾಯಿತು.

ಎಪ್ಪತ್ತರ ದಶಕದ ಕೊನೆಯ ಮಾತು. ಹರಿಹರದಲ್ಲಿ ನಂದಿಗುಡಿಯ ಬಸ್ಸು ಹತ್ತಿ, ನಡುದಾರಿಯಲ್ಲಿ ಇಳಿದು, ಗದ್ದೆಯ ಬದುವಿನ ಮೇಲೆ ಒಂದು ಮೈಲಿ ನಡೆದರೆ ನಮ್ಮ ಲಂಬಾಣಿ ತಾಂಡ. ದಾದಾ, ಅಂದರೆ ಅಪ್ಪನ ಅಪ್ಪ, ಅಲ್ಲಿಯ ನಾಯ್ಕ. ನಮ್ಮ ಮನೆಯ ಗೋಡೆಗೆ ಒತ್ತಿ ಕಟ್ಟಿದ, ಹುಲ್ಲು ಹೊದಿಸಿದ ಒಂದು ಕೋಣೆಯೇ ಶಾಲೆ. ಸರ್ಕಾರ ಕಟ್ಟಿದ್ದಲ್ಲ, ತಾಂಡದವರೇ ಮಣ್ಣು ಹೊತ್ತು ಎಬ್ಬಿಸಿದ್ದು. ಪಾಠ ಹೇಳುವ ಸೋಮ್ಲಾ ಮೇಷ್ಟ್ರೂ ನಮ್ಮವರೇ. ಸುಗ್ಗಿಯಲ್ಲಿ ಮನೆಮನೆಯವರೂ ಅವರಿಗೆ ಜೋಳ, ಭತ್ತ ಕೊಡುತ್ತಿದ್ದರು. ಆದರೆ ಶಾಲೆ ಇದ್ದದ್ದು ನಾಲ್ಕನೇ ಕ್ಲಾಸಿನವರೆಗೆ ಮಾತ್ರ. ದೀಪಾವಳಿ ಮುಗಿದೊಡನೆ ಅಪ್ಪ ಅವ್ವ ಕಬ್ಬು ಕಡಿಯಲು ಗಾಡಿ ಕಟ್ಟುತ್ತಿದ್ದರು. ಶಾಲೆಗೆ ಹೋಗುವ ಮಕ್ಕಳು ಅಜ್ಜ ಅಜ್ಜಿಯ ಹತ್ತಿರ ಉಳಿಯುತ್ತಿದ್ದರು, ನಾಲ್ಕು ಮುಗಿಸಿದವರು ಗಾಡಿ ಹತ್ತುತ್ತಿದ್ದರು. ನನ್ನ ಅಕ್ಕ ರುಕ್ಕಿ ಆ ವರ್ಷ ನಾಲ್ಕನೆಯದರಲ್ಲಿದ್ದಳು, ನಾನು ಎರಡನೆಯದರಲ್ಲಿ. ಹೆಣ್ಣುಮಗುವನ್ನು ದಿನಾ ಹರಿಹರಕ್ಕೆ ಕಳಿಸುವ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ. ಐದನೆಯ ಕ್ಲಾಸು ತಾಂಡಕ್ಕೆ ಬರದಿದ್ದರೆ ರುಕ್ಕಿಗೆ ಕಬ್ಬಿನ ಗದ್ದೆಯೇ ಗತಿ ಎಂಬುದು ಅವಳಿಗೂ ಗೊತ್ತಿತ್ತು.

ಅಂಥದ್ದರಲ್ಲಿ ಸುದ್ದಿ ಬಂತು. ಸಾಹೇಬರೊಬ್ಬರು ಬರುತ್ತಾರಂತೆ, ಶಾಲೆಗೆ ಏನು ಬೇಕೆಂದು ಜನರನ್ನೇ ಕೇಳುತ್ತಾರಂತೆ, ಜನ ಹೇಳಿದಂತೆ ಗ್ರಾಂಟು ಕೊಡಿಸುತ್ತಾರಂತೆ. ಮೂರು ದಿನ ತಾಂಡವೆಲ್ಲ ನಮ್ಮ ಅಂಗಳದಲ್ಲಿ ಕೂತಿತು. ಒಬ್ಬರಿಗೆ ತಗಡಿನ ಚಾವಣಿ ಬೇಕು, ಒಬ್ಬರಿಗೆ ಇನ್ನೊಬ್ಬ ಮೇಷ್ಟ್ರು. ಗಡಿಯಾರ ನೋಡಲು ಬಾರದ ಮುದುಕರೊಬ್ಬರು ಗೋಡೆ ಗಡಿಯಾರಕ್ಕೆ ಹಟ ಹಿಡಿದರು. ದಾದಿ ಒಳಗಿನಿಂದಲೇ, “ಮೊದ್ಲು ಹುಡುಗೀರಿಗೆ ಪಾಯಖಾನೆ ಬರೀರಿ. ಬಯಲಿಗೆ ಓಡೋರು ಏನು ಓದ್ತಾರ?” ಎಂದಳು. ರುಕ್ಕಿ ತನ್ನ ಗುಂಡು ಅಕ್ಷರದಲ್ಲಿ ಎಲ್ಲವನ್ನೂ ಬರೆದಳು. ಮೊದಲನೆಯ ಸಾಲು ಐದನೆಯ ಕ್ಲಾಸಿನದು. ದಾದಾ ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಮನೆಗೆ ಬರುವವರ ಎದುರು ಮಾನ ಹೋಗಬಾರದಲ್ಲ. ಹೆಂಗಸರು ನೆಲ ಸಾರಿಸಿದರು. ಮಳೆಗೆ ಬಿರುಕು ಬಿಟ್ಟಿದ್ದ ಗೋಡೆಗಳ ಮೇಲೆ ಮನೆಮನೆಯ ಕೌದಿಗಳನ್ನು ತಂದು ತೂಗುಹಾಕಿದರು. ಚಾವಣಿ ಹರಿದು ಆಕಾಶ ಕಾಣುತ್ತಿದ್ದ ಕಡೆ ದಾದಿ ತನ್ನ ಮದುವೆಯ ಕನ್ನಡಿ ಕೌದಿಯನ್ನೇ ಬಿಗಿದು ಕಟ್ಟಿದಳು. ಜೀಪಿನಲ್ಲಿ ಬಂದ ಸಾಹೇಬರು ಒಳ್ಳೆಯವರೇ. ಚಾಪೆಯ ಮೇಲೆ ಕೂತು ರೊಟ್ಟಿ, ಕೋಳಿ ಸಾರು ಉಂಡರು. ಕೈ ಒರೆಸಿಕೊಳ್ಳುತ್ತ, “ಏನು ಕೊರತೆ ಐತೆ ಹೇಳ್ರಿ ನಾಯ್ಕರೆ” ಎಂದರು.

“ಎಲ್ಲಾ ಐತ್ರಿ ಸಾಹೇಬ್ರೆ. ಯಾವ್ದಕ್ಕೂ ಕಮ್ಮಿ ಇಲ್ಲ” ಎಂದ ದಾದಾ.

ಅದು ಸುಳ್ಳಲ್ಲ, ರಿವಾಜು. ಉಂಡೆದ್ದ ಅತಿಥಿಗೆ ಮನೆಯ ಬಡತನ ಹೇಳುವುದೆಂದರೆ ಊಟದ ಬೆಲೆ ಕೇಳಿದಂತೆ ಎಂದು ನಮ್ಮ ತಾಂಡದ ಹಿರಿಯರ ಎಣಿಕೆ. ಅತಿಥಿ ಮೂರು ಸಲ ಕೇಳಬೇಕು. ಎರಡು ಸಲ ಎಲ್ಲ ಇದೆ ಎನ್ನಬೇಕು, ಮೂರನೆಯದಕ್ಕೆ ಬಾಯಿ ಬಿಡಬೇಕು. ಸಾಹೇಬರು ಗೋಡೆಗಳನ್ನು ಒಂದು ಸುತ್ತು ನೋಡಿ, “ಭಾಳ ಚಂದ ಇಟ್ಕೊಂಡೀರಿ” ಎಂದು ಏನೋ ಬರೆದುಕೊಂಡು, ಕೈ ಮುಗಿದು ಜೀಪು ಹತ್ತಿದರು. ನಾಯ್ಕನ ಮಾತಿನ ಮೇಲೆ ಮಾತಾಡುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಧೂಳು ಇಳಿದ ಮೇಲೆ ಮೇಷ್ಟ್ರು ಕೇಳಿದರು: “ಯಾಕ್ರಿ, ಚೀಟಿ ಕೊಡ್ಲಿಲ್ಲ?”

“ಅವ್ರು ಇನ್ನೂ ಎರಡು ಸಲ ಕೇಳ್ಬೇಕಿತ್ತಲ್ಲಪ್ಪ.”

“ಸರ್ಕಾರ ಒಂದೇ ಸಲ ಕೇಳೋದ್ರಿ.”

ನಾಲ್ಕು ಮುಗಿಸಿ, ಮುಂದೆ ಬಂದ ದೀಪಾವಳಿಗೆ ರುಕ್ಕಿ ಗಾಡಿ ಹತ್ತಿದಳು. ದಾದಾನ ಮೇಲೆ ನನಗೆ ಈಗಲೂ ಸಿಟ್ಟಿದೆ. ಅವನಷ್ಟು ಮರ್ಯಾದಸ್ಥರನ್ನು ಆಮೇಲೆ ನಾನು ಕಂಡಿಲ್ಲ ಎನ್ನುವುದೂ ನಿಜವೇ.

ಎರಡು ವರ್ಷ ಕಳೆದು ಬೇರೊಬ್ಬ ಸಾಹೇಬರು ಬಂದರು. ಅಷ್ಟರಲ್ಲಿ ದಾದಾ ಮಾತು ಕಲಿತಿದ್ದ. ಗೋಡೆಗಳನ್ನು ಬರಿದಾಗಿಯೇ ಬಿಟ್ಟಿದ್ದ. ಬಂದವರಿಗೆ ನೀರು ಕೊಡುವ ಮೊದಲೇ ಚೀಟಿ ಹಿಡಿದು, “ಇದನ್ನ ಓದ್ರಿ, ಆಮ್ಯಾಲೆ ಕೂಡ್ರಿ” ಎಂದ. ಬಿರುಕುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದ. ಆ ದಿನ ಅವನು ಊಟ ಮಾಡಲಿಲ್ಲ. ಐದನೆಯ ಕ್ಲಾಸು ಮಂಜೂರಾಯಿತು. ಆದರೆ ಆದೇಶ ತಾಂಡ ಮುಟ್ಟಿದ್ದು ಮರುವರ್ಷ, ಗಾಡಿಗಳು ಹೊರಟುಹೋದ ಮೇಲೆ. ನಾಲ್ಕು ಮುಗಿಸಿದ್ದ ನನ್ನನ್ನು ಅದರ ಭರವಸೆಯ ಮೇಲೆ ದಾದಾ ತಾಂಡದಲ್ಲೇ ಉಳಿಸಿಕೊಂಡಿದ್ದ. ದಾದಾ ಅಕ್ಕನನ್ನು ಕರೆತರಲು ತಾನೇ ಹೋದ. ನಾಲ್ಕು ದಿನಕ್ಕೆ ಒಬ್ಬನೇ ಬಂದ. “ಅಕ್ಷರ ಮರ್ತೋಗ್ಯಾವ ದಾದಾ. ತಂಗೀನ ಕೂಡ್ಸು” ಎಂದಳಂತೆ.

ಆ ಮನೆ ಈಗಿಲ್ಲ, ಅದಕ್ಕೆ ಒತ್ತಿದ್ದ ಕೋಣೆಯೂ ಇಲ್ಲ. ಅಲ್ಲಿದ್ದವರಲ್ಲಿ ಹೆಚ್ಚಿನವರು ಮಣ್ಣಾದರು. ನನ್ನಲ್ಲಿ ಉಳಿದಿರುವುದು ಐದನೆಯ ಕ್ಲಾಸಿನ ಮೊದಲ ಬೆಳಗು. ಹಾಜರಿ ಪುಸ್ತಕಕ್ಕೆ ಹೆಸರು ಬರೆಸಿದವನು ದಾದಾ. ರುಕ್ಕಿಯ ಹೆಸರನ್ನೇ ಮೊದಲು ಬರೆಸಿದ್ದ. ಮೇಷ್ಟ್ರು ಅದನ್ನು ಕೂಗಿದರು. ಯಾರೂ ಓಗೊಡಲಿಲ್ಲ. ಇನ್ನೊಮ್ಮೆ ಕೂಗಿದರು. ಮೂರನೆಯ ಸಲ ಕೂಗಲು ತಲೆ ಎತ್ತಿದಾಗ, ಬಾಗಿಲಲ್ಲಿ ನಿಂತಿದ್ದ ದಾದಾ, “ಮುಂದಿನ ಹೆಸ್ರು ಓದ್ರಿ ಮೇಷ್ಟ್ರೆ” ಎಂದ.

ಮುಂದಿನ ಹೆಸರು ನನ್ನದಾಗಿತ್ತು.