ಹಾಜರಿ ಪುಸ್ತಕದಲ್ಲಿ ಸಿಕ್ಕ ಅಕ್ಕಜ್ಜಿ

ಗೆಳೆಯರೇ, ನನ್ನ ಅಜ್ಜಿಯ ಅಜ್ಜಿ ಅಕ್ಕು ಇವತ್ತು ಕೊನೆಗೂ ಸಿಕ್ಕಿದಳು! ವಿಕ್ಟೋರಿಯಾ ರಾಣಿಯ ಕಾಲದ, ಮಂಗಳೂರಿನ ಹಂಚಿನ ಕಾರ್ಖಾನೆಯೊಂದರ ಹಾಜರಿ ಪುಸ್ತಕದಲ್ಲಿ. ಊರು, ಮನೆತನ ಎಲ್ಲ ಸರಿ. ಕೆಲಸ: ಮಣ್ಣು ಹೊರುವುದು. ಷರಾ: 'ಮೇಸ್ತ್ರಿಗೆ ಎದುರುತ್ತರ ಕೊಡುತ್ತಾಳೆ.'

ಪುಟದ ಫೋಟೋ ತೋರಿಸಲು ಇಲ್ಲೇ ಕೋಪರಿಯಲ್ಲಿರುವ ಸೋದರಮಾವನ ಮನೆಗೆ ಓಡಿದೆ. ಖಾರಘರದ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆಂದು ಅವರು ಮಾಡಿಸಿದ ವಂಶವೃಕ್ಷದ ಫ್ಲೆಕ್ಸಿನಲ್ಲಿ ಅಕ್ಕು 'ಜಮೀನ್ದಾರಿಣಿ'.

"ಇದು ಬೇರೆ ಯಾರೋ ಅಕ್ಕು ಮಾರಾಯ್ತಿ! ನಮ್ಮ ಮನೆ ಹೆಂಗಸರು ಮಣ್ಣು ಹೊತ್ತವರಲ್ಲ" ಎಂದರು ಮಾವ.

ಅತ್ತೆ ಫೋನು ಕಸಿದುಕೊಂಡು ಷರಾ ಓದಿದರು. "ಬೇರೆಯವಳು ಹೇಗೆ ಆಗ್ತಾಳೆ? ನಿಮ್ಮ ಮೂವರು ಅಕ್ಕಂದಿರ ಜೊತೆ ಇಪ್ಪತ್ತು ವರ್ಷದಿಂದ ಏಗ್ತಾ ಇದ್ದೇನೆ. ಇವಳು ನಿಮ್ಮವಳೇ!"

ಆ ಮೂವರಲ್ಲಿ ಹಿರಿಯವಳು ನನ್ನ ಅಮ್ಮ. ಎದುರುತ್ತರ ಕೊಡಲು ಬಾಯಿ ತೆರೆದೆ. ಇನ್ನೊಂದು ಸಾಕ್ಷಿ ಏಕೆಂದು ಮುಚ್ಚಿಕೊಂಡೆ.