ಒಂದೇ ದಿನ ಎರಡು ಸ್ಯಾಂಪಲ್ಲು

ಮನುಷ್ಯನ ದೇಹ ನಶ್ವರ. ಆ ದೇಹ ಹೊರಹಾಕುವುದಂತೂ ಇನ್ನೂ ನಶ್ವರ. ಗಂಭೀರವಾದ ಈ ಮಾತಿನ ಎರಡನೆಯ ಅರ್ಧ ಸುಳ್ಳೆಂದು ನನಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು. ನನ್ನ ಮೂತ್ರವನ್ನು ಥರ್ಮೋಕೋಲಿನ ಪೆಟ್ಟಿಗೆಯಲ್ಲಿ ಐಸಿನ ನಡುವೆ ಮಲಗಿಸಿ, ಹೆಸರು ವಯಸ್ಸು ಬರೆದ ಚೀಟಿ ಅಂಟಿಸಿ, ವಿಮಾನದಲ್ಲಿ ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ನಾನು ಇವತ್ತಿಗೂ ವಿಮಾನ ಹತ್ತಿಲ್ಲ.

ಶುರುವಾದದ್ದು ರಕ್ತದ ಪರೀಕ್ಷೆಯಿಂದ. ಪಿ.ಎಸ್.ಎ. ಎಂಬ ಅಂಕಿ ಇರಬೇಕಾದ್ದಕ್ಕಿಂತ ತುಸು ಮೇಲಿತ್ತು. ಜಮಖಂಡಿಯ ಮೂತ್ರರೋಗದ ಡಾಕ್ಟರು ಪ್ರಾಸ್ಟೇಟ್ ಗ್ರಂಥಿಯ ಬಯಾಪ್ಸಿ ಮಾಡೋಣ ಎಂದರು. ಅಂದರೆ ಸೂಜಿ ಹಾಕಿ ಗ್ರಂಥಿಯ ಹತ್ತು-ಹನ್ನೆರಡು ಕಡೆಯಿಂದ ಚೂರು ತೆಗೆದು ಕ್ಯಾನ್ಸರ್ ಇದೆಯೇ ಎಂದು ನೋಡುವುದು. ಸೂಜಿ ಯಾವ ದಾರಿಯಿಂದ ಹೋಗುತ್ತದೆ ಎಂದು ಕಾಗದದ ಮೇಲೆ ಚಿತ್ರ ಬರೆದೂ ತೋರಿಸಿದರು. ಚಿತ್ರಕಲೆಯಲ್ಲಿ ಅವರಿಗೆ ಅಷ್ಟು ಒಳ್ಳೆಯ ಕೈ ಇರಬಾರದಿತ್ತು.

ನನ್ನ ಅಣ್ಣ ಬನಹಟ್ಟಿಯಲ್ಲಿ ಸೀರೆಯ ಮಗ್ಗಗಳನ್ನು ಇಟ್ಟುಕೊಂಡಿದ್ದವನು. ಅವನು ಹೋದದ್ದು ಇದೇ ರೋಗದಿಂದ. ಒಂದಕ್ಕೆ ಹೋಗಲು ತ್ರಾಸಾಗುತ್ತಿದ್ದುದನ್ನು ನಾಚಿಕೆಪಟ್ಟು ಯಾರಿಗೂ ಹೇಳಲಿಲ್ಲ. ಒಂದು ವರ್ಷ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡ. ಬಾಯಿಬಿಟ್ಟಾಗ ರೋಗ ಎಲುಬಿಗೆ ಇಳಿದಿತ್ತು. ಸತ್ತ ಮೇಲೂ ನಮ್ಮ ಮನೆತನದವರು ಅದರ ಹೆಸರು ಹೇಳಲಿಲ್ಲ. ಮಾತಾಡಿಸಲು ಬಂದವರಿಗೆಲ್ಲ "ಸೊಂಟದ ಬ್ಯಾನಿರಿ" ಎಂದು ಹೇಳಿ ಚಹಾ ಕೊಟ್ಟು ಕಳಿಸಿದರು. ಆಗ ನಾನೂ ಪಕ್ಕದಲ್ಲಿ ಕೂತು ತಲೆಯಾಡಿಸಿದ್ದೆ.

ಈ ಸಲ ಆಡಿಸುವುದಿಲ್ಲ ಎಂದು ನಿಶ್ಚಯಿಸಿದೆ. ಹಾಗೆಂದು ಸೂಜಿಗೂ ಸುಮ್ಮನೆ ಶರಣಾಗುವವನಲ್ಲ. ನಾನು ಮೂವತ್ತು ವರ್ಷ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು. ಕಬ್ಬು ಕತ್ತರಿಸುವ ಮೊದಲು ರಸ ನೋಡುವುದು ನಮ್ಮ ಪದ್ಧತಿ. ಡಾಕ್ಟರಿಗೆ ಅದನ್ನೇ ಹೇಳಿದೆ.

"ಕಾಕಾ, ಅಂಥಾ ತಪಾಸಣಿನೂ ಐತಿ," ಎಂದರು ಅವರು. "ಬೆರಳ ಹಾಕಿ ಗ್ರಂಥಿ ಒತ್ತತೇವಿ. ಅದರಾಗಿನ ಜೀವಕಣ ಮೂತ್ರದಾಗ ಇಳದ ಬರ್ತಾವು. ಆ ಕಣದಾಗಿನ ಜೀನು ಏನ ಹೇಳಾಕತ್ತಾವು ಅಂತ ಲ್ಯಾಬಿನಾವ್ರು ಓದತಾರ. ಕ್ಯಾನ್ಸರ್ ಐತಿ ಅಂತ ಖಾತ್ರಿ ಹೇಳೂದಿಲ್ಲ, ಅಪಾಯ ಹೆಚ್ಚೋ ಕಡಿಮಿಯೋ ಅಷ್ಟ ಹೇಳತೈತಿ. ಕಡಿಮಿ ಬಂದ್ರ ಬಯಾಪ್ಸಿ ಸದ್ಯಕ್ಕ ಮುಂದ ಹಾಕಬಹುದು. ಹೆಚ್ಚ ಬಂದ್ರ ಸೂಜಿ ತಪ್ಪೂದಿಲ್ಲ."

ಲೋಕಾಪುರಕ್ಕೆ ಬಂದು ಹೆಂಡತಿಯ ಮುಂದೆ ಒಪ್ಪಂದವನ್ನು ಮಂಡಿಸಿದೆ. ಅಪಾಯ ಕಡಿಮೆ ಎಂದು ಬಂದರೆ, ಮುಂದಿನ ರಕ್ತಪರೀಕ್ಷೆಯವರೆಗೆ ಈ ಮನೆಯಲ್ಲಿ ಬಯಾಪ್ಸಿ ಎಂಬ ಶಬ್ದ ಕೇಳಿಬರಕೂಡದು. ಹೆಚ್ಚು ಎಂದು ಬಂದರೆ ಎರಡು ಮಾತಿಲ್ಲದೆ ಮೇಜಿನ ಮೇಲೆ ಮಲಗುತ್ತೇನೆ.

ಅವಳು ಮೆಂತೆಪಲ್ಯ ಸೋಸುವುದನ್ನು ನಿಲ್ಲಿಸದೆ, "ಎರಡ ಮಾತಿಲ್ಲದ ನೀವು ಒಂದ ಕೆಲಸಾನೂ ಮಾಡಿಲ್ಲ," ಎಂದಳು. ಆಮೇಲೆ, "ನಿಮ್ಮ ಅಣ್ಣಾರಂಗ ಮುಚ್ಚಿಡೂದಿಲ್ಲ ಅಂತ ಮಾತ ಕೊಡ್ರಿ. ಉಳಿದದ್ದ ಏನಾದ್ರೂ ಮಾಡ್ರಿ," ಎಂದಳು. ಕೊಟ್ಟೆ.

ನಿಗದಿಯಾದ ದಿನ ನನ್ನ ಸ್ನೇಹಿತನೊಬ್ಬ ಜೊತೆಗೆ ಬಂದ. ಅವನು ಕಬ್ಬು ಬೆಳೆಯುವವ. ಒಂದು ಹಂಗಾಮಿನಲ್ಲಿ ತನ್ನ ಹೊಲಕ್ಕೆ ಕಟಾವಿನ ಅಪ್ಪಣೆ ಬೇಗ ಸಿಗಲೆಂದು ಕಬ್ಬಿನ ಬುಡವನ್ನಷ್ಟೇ ಹಿಂಡಿ ನಮ್ಮ ಪ್ರಯೋಗಾಲಯಕ್ಕೆ ಬಾಟಲಿ ತುಂಬಿಸಿ ತಂದಿದ್ದ. ರಸ ಸಿಹಿಯಿದ್ದ ಹೊಲಕ್ಕೇ ಕಾರ್ಖಾನೆಯ ಅಪ್ಪಣೆ ಮೊದಲು; ಕಬ್ಬಿನ ಸಿಹಿ ಬುಡದಲ್ಲಿ, ತುದಿ ಸಪ್ಪೆ. ನಾನು ಬಾಟಲಿಯನ್ನು ಅವನೆದುರೇ ಮೋರಿಗೆ ಸುರಿದು, ತುದಿಯಿಂದ ಬುಡದವರೆಗೆ ಇಡೀ ಕಬ್ಬು ತಾ ಎಂದು ಅಟ್ಟಿದ್ದೆ. ಎರಡು ವರ್ಷ ಮಾತು ಬಿಟ್ಟಿದ್ದ. ಆಮೇಲಿನಿಂದ ದೋಸ್ತಿ.

ಆಸ್ಪತ್ರೆಯ ಕೌಂಟರಿನ ಹುಡುಗಿ ದನಿ ತಗ್ಗಿಸಿ, "ಏನ ತ್ರಾಸ ಐತ್ರಿ?" ಎಂದಳು. ನಾನು ತಗ್ಗಿಸಲಿಲ್ಲ. "ಪ್ರಾಸ್ಟೇಟ್ ಕ್ಯಾನ್ಸರ್ ಐತೇನೋ ಅಂತ ಸಂಶಯ, ತಂಗಿ. ಉಚ್ಚಿ ಕೊಡಾಕ ಬಂದೇನಿ." ಬೆಂಚಿನ ಮೇಲಿದ್ದ ನಾಲ್ಕೈದು ಗಂಡಸರು ಒಮ್ಮೆಲೇ ಗೋಡೆಯ ಕ್ಯಾಲೆಂಡರಿನಲ್ಲಿ ಆಸಕ್ತರಾದರು. ಸ್ನೇಹಿತ ನನ್ನಿಂದ ಒಂದು ಕುರ್ಚಿ ದೂರ ಸರಿದ.

ಡಾಕ್ಟರು ಕೈಗವಸು ಹಾಕಿಕೊಂಡು ತಮ್ಮ ಕೆಲಸ ಮುಗಿಸಿದರು. ಆ ಅರ್ಧ ನಿಮಿಷದ ಬಗ್ಗೆ ಹೇಳುವುದೇನೆಂದರೆ, ಅದು ಅರ್ಧ ನಿಮಿಷ. ಅಣ್ಣ ಒಂದು ವರ್ಷ ನೋವು ತಿಂದದ್ದು ಇದಕ್ಕೆ ಅಂಜಿ.

ಸಿಸ್ಟರ್ ಡಬ್ಬಿಯನ್ನೂ ಸೂಚನೆಯ ಕಾಗದವನ್ನೂ ಕೊಟ್ಟು ಏನೋ ಹೇಳತೊಡಗಿದಳು. "ಗೊತ್ತೈತಿ ತಂಗಿ," ಎಂದು ಕೈಯೆತ್ತಿ ತಡೆದೆ. "ಇಪ್ಪತ್ತ ವರ್ಷದಿಂದ ಸಕ್ಕರಿ ಬ್ಯಾನಿ ನಂದು. ಸ್ಯಾಂಪಲ್ ಕೊಡೂದ ನನಗ ಕಲಸಬ್ಯಾಡ." ಒಳಗೆ ಹೋಗಿ, ಇಪ್ಪತ್ತು ವರ್ಷದ ಅಭ್ಯಾಸದಂತೆ ಮೊದಲಿನದನ್ನು ಬಿಟ್ಟು ನಡುವಿನದನ್ನು ಶಾಸ್ತ್ರೋಕ್ತವಾಗಿ ಹಿಡಿದೆ. ಮುಚ್ಚಳ ಬಿಗಿದು ಒಪ್ಪಿಸಿ ಹೊರಬಿದ್ದೆ.

ಬಸ್ಸು ಮುಧೋಳ ಸಮೀಪಿಸುತ್ತಿತ್ತು. ಕಿಸೆಯಲ್ಲಿದ್ದ ಸೂಚನೆಯ ಕಾಗದವನ್ನು ಬಿಡುವಿದೆಯೆಂದು ಬಿಚ್ಚಿ ಓದಿದೆ. ಮೂರನೆಯ ಸಾಲು ದಪ್ಪಕ್ಷರದಲ್ಲಿತ್ತು. ಗ್ರಂಥಿಯಿಂದ ಇಳಿದ ಕಣಗಳು ಮೊದಲ ಧಾರೆಯಲ್ಲೇ ಬರುತ್ತವೆ. ಅದನ್ನೇ ಹಿಡಿಯಬೇಕು, ಒಂದು ಹನಿಯನ್ನೂ ಬಿಡಬಾರದು.

ನಾನು ಓದಿದ್ದನ್ನು ಸ್ನೇಹಿತನಿಗೂ ಓದಿ ಹೇಳಿದೆ. ಅವನು ಕಾಗದ ಕಸಿದುಕೊಂಡು ತಾನೂ ಓದಿದ.

"ಅಂದ್ರ ನೀ ಕೊಟ್ಟದ್ದರಾಗ ಏನೂ ಇಲ್ಲ."

"ಇರಲಿಕ್ಕಿಲ್ಲ. ಇದ್ದರೂ ಭಾಳ ಕಡಿಮಿ."

"ಹಂಗಾರ ರಿಪೋರ್ಟಿನಾಗ ಅಪಾಯ ಕಡಿಮಿ ಅಂತ ಬರತೈತಿ?"

"ಬಂದರೂ ಬರಬಹುದು."

"ಮತ್ತ ಇನ್ನೇನ ಬೇಕೋ ನಿನಗ? ಸೂಜಿ ತಪ್ತು, ಮನ್ಯಾಗ ನಿನ್ನ ಹೆಂಡ್ತಿ ಸುಮ್ಮನಾದ್ಲು. ಬಾಯಿ ಮುಚ್ಚಿಕೊಂಡ ಕುಂದ್ರ!"

ಅವನು ಹೇಳುವ ಮೊದಲೇ ಅದು ನನ್ನ ತಲೆಗೆ ಬಂದಿತ್ತು ಎಂದು ಇಲ್ಲಿ ಬರೆಯದಿದ್ದರೆ ಸುಳ್ಳಾಗುತ್ತದೆ. ಒಪ್ಪಂದದ ಯಾವ ಕಲಮಿನಲ್ಲೂ ಯಾವ ಧಾರೆ ಎಂದಿರಲಿಲ್ಲ. ಚೀಟಿಯ ಮೇಲೆ ಹೆಸರು ನನ್ನದೇ, ಮೂತ್ರವೂ ನನ್ನದೇ. ಸೂಜಿಯ ಚಿತ್ರ ಕಣ್ಣ ಮುಂದೆ ಇನ್ನೂ ಇತ್ತು. ಸುಮ್ಮನೆ ಕೂತರೆ ಸಾಕಿತ್ತು. ಅಣ್ಣನೂ ಸುಮ್ಮನೆ ಕೂತಿದ್ದ. ರೋಗ ಇದ್ದರೆ ಇರಲಿ, ನಾನು ಅದರ ಪರವಾಗಿ ಸುಳ್ಳುಸಾಕ್ಷಿ ಹೇಳುವುದಿಲ್ಲ ಎಂದು ಎದ್ದು ನಿಂತೆ. ನಿಂತ ರಭಸಕ್ಕೆ ಮೇಲಿನ ಸರಳಿಗೆ ತಲೆ ಬಡಿಯಿತು. ಇಂಥ ಘಳಿಗೆಗೆ ಬೇಕಾದ ಘನತೆ ಸ್ವಲ್ಪ ಕಡಿಮೆಯಾಯಿತು.

"ಎಲ್ಲಿ ಹೊಂಟಿ?"

"ವಾಪಸ್ ಜಮಖಂಡಿಗೆ. ಸಂಜಿಮಟಾ ಐಸಿನ ಪೆಟಗಿ ಹೋಗೂದಿಲ್ಲ."

"ಒಮ್ಮೆ ಬೆರಳ ಹಾಕಿಸಿಕೊಂಡದ್ದು ಸಾಲಲಿಲ್ಲೇನ ಮಗನ?"

"ನಿನ್ನ ಬಾಟಲಿ ಮೋರಿಗೆ ಸುರದಿದ್ನೆಲ್ಲೋ? ಇವತ್ತ ನಂದು ಸುರಿಯಾಕ ಹೊಂಟೇನಿ."

ಅವನು ತಲೆ ಚಚ್ಚಿಕೊಂಡ. ಮುಧೋಳ ನಿಲ್ದಾಣದಲ್ಲಿ ನನ್ನ ಜೊತೆ ತಾನೂ ಇಳಿದ. "ಆವಾಗ ನನ್ನ ಕಬ್ಬ ಹದಿನೈದ ದಿನ ಹೊಲದಾಗ ನಿಂತಿತ್ತು ಲೇ," ಎಂದು ಜಮಖಂಡಿ ಬಸ್ಸು ಬರುವವರೆಗೂ ಬೈಯುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ಪೆಟ್ಟಿಗೆ ಇನ್ನೂ ಮೂಲೆಯಲ್ಲೇ ಇತ್ತು. ನಡೆದದ್ದನ್ನು ಸಿಸ್ಟರಿಗೆ ಹೇಳಿದೆ. "ಅದನ್ನ ಹೇಳಾಕ ಬಂದಿದ್ನೆರಿ ಅಜ್ಜಾರ, ನೀವ ಬಿಡಲಿಲ್ಲ," ಎಂದಳು. ತಪ್ಪಾಯ್ತು ಎಂದೆ. ಮೊದಲಿನ ಸ್ಯಾಂಪಲ್ಲನ್ನು ಕೈಯಾರೆ ಸುರಿದೆ. ಡಾಕ್ಟರು ಹೊಸ ಕೈಗವಸು ತೆಗೆದುಕೊಂಡರು.

"ಕಾಕಾ, ಈ ತಪಾಸಣಿಗೆ ಒಂದ ದಿನದಾಗ ಎರಡ ಸಲ ತಾವ ಆಗಿ ಬಂದಾವ್ರು ನೀವ ಮೊದಲನೇದವ್ರು."

"ರಿಜಿಸ್ಟರಿನಾಗ ಬರಕೋರಿ," ಎಂದೆ.

ಮತ್ತೆ ಅರ್ಧ ನಿಮಿಷ. ಈ ಸಲ ಮೊದಲ ಹನಿಯಿಂದಲೇ ಹಿಡಿದೆ. ವಿಮಾನ ಹತ್ತಿದ್ದು ಅದು.

ಮನೆಯಲ್ಲಿ ಎಲ್ಲವನ್ನೂ ಹೇಳಿದೆ, ಬಸ್ಸಿನಲ್ಲಿ ತಲೆಗೆ ಬಂದದ್ದನ್ನೂ ಸೇರಿಸಿ. ಹೆಂಡತಿ ನನ್ನನ್ನೇ ನೋಡಿ, "ತಲಿಗಿ ಏನ ಬಡದೈತಿ, ಬುಗಟಿ ಎದ್ದೈತಲ್ಲ," ಎಂದಷ್ಟೇ ಹೇಳಿ ಅರಿಸಿನ ತರಲು ಎದ್ದಳು.

ವರದಿ ಮೂರು ವಾರಕ್ಕೆ ಬಂತು. ಅಪಾಯ ಹೆಚ್ಚು ಎಂದಿತ್ತು. ಸುದ್ದಿ ತಿಳಿದು ಬನಹಟ್ಟಿಯಿಂದ ಅತ್ತಿಗೆ ಫೋನು ಮಾಡಿ, "ಮಂದಿಗಿ ಹರ್ನಿಯಾ ಅಂತ ಹೇಳ್ರಿ," ಎಂದರು. "ವೈನಿ, ಅಣ್ಣಗ ಸೊಂಟದ ಬ್ಯಾನಿ ಇರಲಿಲ್ಲ. ನನಗ ಹರ್ನಿಯಾ ಇಲ್ಲ. ನಿಮ್ಮ ಗಂಡಮಕ್ಕಳಿಬ್ಬರದೂ ರಕ್ತ ತಪಾಸಣಿ ಮಾಡಸ್ರಿ," ಎಂದೆ. ತಪಾಸಣೆಯ ಹೆಸರೇನು ಎಂದು ಅವರು ಕೇಳಿ ಬರೆದುಕೊಂಡರು.

ಬಯಾಪ್ಸಿ ಆಯಿತು. ಹನ್ನೆರಡು ಚೂರುಗಳಲ್ಲಿ ಮೂರರಲ್ಲಿ ಕ್ಯಾನ್ಸರ್ ಇತ್ತು. ಅದು ಗ್ರಂಥಿಯ ಹೊರಗೆ ಹರಡಿರಲಿಲ್ಲ. ಬೆಳಗಾವಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಗ್ರಂಥಿಯನ್ನು ತೆಗೆದರು.