ಒಂದು ಕಂಪ್ಯೂಟರಿಗೆ ಮೂವರು ಕಾವಲುಗಾರರು

ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ಬೀದಿದೀಪಗಳು ಇನ್ನೂ ಆರಿಲ್ಲ. ಪ್ರಫುಲ್ಲಕ್ಕ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು, ರಸೀನಾಳ ಊಟದ ಮೇಜಿನ ಮುಂದೆ ಕೂರುತ್ತಾರೆ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಹಾಲಿನ ಬಾಟಲಿ, ಕುರ್ಚಿಯ ಬೆನ್ನಿಗೆ ಇಸ್ತ್ರಿ ಹಾಕಿದ ನೀಲಿ ಅಂಗಿ. ಎಂಟು ಗಂಟೆಗೆ ರಸೀನಾಳಿಗೆ ವಿಡಿಯೊದಲ್ಲಿ ಕೆಲಸದ ಸಂದರ್ಶನವಿದೆ. ಮಗು ಹುಟ್ಟಿದ ಮೇಲೆ ಬಂದ ಮೊದಲ ಕರೆ. ಜೊತೆಗೆ ಲೆಕ್ಕದ ಪರೀಕ್ಷೆಯೂ ಇರುವುದರಿಂದ ಮೊಬೈಲ್ ಸಾಲದು. ಆದರೆ ಸಂದರ್ಶನದ ಕಿಟಕಿ ತೆರೆಯುತ್ತಲೇ ಇಲ್ಲ.

“ನಿನ್ನೆಯಿಂದ ಹೀಗೇ ಸುತ್ತುತ್ತಾ ಉಂಟು ಅಕ್ಕ. ಒಳಗೆ ಹೋಗುದೇ ಇಲ್ಲ.”

“ಹೆದರಬೇಡ ಮಾರಾಯ್ತಿ. ಒಂದು ಚಾಯ ಮಾಡು. ನಂಗಲ್ಲ, ನೀನು ಕುಡಿ.”

ಹೆಬ್ರಿಯ ಕಡೆಯವರಾದ ಪ್ರಫುಲ್ಲಕ್ಕ ಮದುವೆಯಾಗಿ ದುಬೈಗೆ ಬಂದವರು. ಕಂಪ್ಯೂಟರ್ ಅಂಗಡಿಯೊಂದರಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿದರು. ಗಂಡ ಡ್ಯೂಟಿಯಲ್ಲಿರುವಾಗ ಮನೆಯಲ್ಲಿ ಒಬ್ಬರೇ ಇರುವ ಹೆಂಗಸರು ಫೋನಿನಲ್ಲಿ ದನಿ ತಗ್ಗಿಸಿ ಕೇಳುತ್ತಿದ್ದರಂತೆ, “ಹೆಂಗಸರು ಯಾರಾದ್ರೂ ಬರ್ತಾರಾ?” ಅಂಗಡಿಯ ಆಲ್ಫೋನ್ಸ್ ರಿಪೇರಿ ಕಲಿಸಿದರು, ಇವರು ಹೊರಟರು. ಈಗ ಅಂಗಡಿ ತೆರೆಯುವ ಮೊದಲೇ ಒಂದೆರಡು ಮನೆ, ಸಂಜೆ ಮತ್ತೆರಡು. ಲಿಫ್ಟ್ ಕೆಟ್ಟ ಕಟ್ಟಡಗಳಲ್ಲಿ ಮೊಣಕಾಲು ನೋಯುತ್ತದೆ. ಒಳಗೆ ಹೋದರೆ ಯಾವ ಮನೆಯಲ್ಲೂ ಕಂಪ್ಯೂಟರಿನ ಮಾತಷ್ಟೇ ಇರುವುದಿಲ್ಲ ಎನ್ನುತ್ತಾರೆ.

ಇಲ್ಲೂ ಹಾಗೇ. ಪರದೆಯ ಮೂಲೆಯಲ್ಲಿ ಎರಡು ಬೇರೆ ಬೇರೆ ರಕ್ಷಣಾ ತಂತ್ರಾಂಶಗಳ ಗುರುತು. ಒಂದನ್ನು ಅಬುಧಾಬಿಯ ಮುಸಫ್ಫಾದಲ್ಲಿ ಕೆಲಸ ಮಾಡುವ ಗಂಡ ಹಾಕಿದ್ದು, ರಜೆಯಲ್ಲಿ ಬಂದಾಗ. ಇನ್ನೊಂದು ಬಿರಿಯಾನಿಗೆ ಬಂದ ಭಾವ ಹಾಕಿದ್ದು. ಎರಡಕ್ಕೂ ತಮ್ಮದೇ ಫೈರ್‌ವಾಲ್. ಕಂಪ್ಯೂಟರಿನದೇ ಮೂರನೆಯದು ಬೇರೆ.

“ಊರಿಂದ ಬಂದವರು ಹಲ್ವ ಕೊಟ್ಟ ಹಾಗೆ, ಬಂದವರೆಲ್ಲ ಒಂದೊಂದು ಹಾಕಿ ಹೋಗ್ತಾರೆ,” ಪ್ರಫುಲ್ಲಕ್ಕ ತಮ್ಮ ಕೆಲಸದ ಬಗ್ಗೆ ಬರೆಯಲು ಜೊತೆಗೆ ಬಂದ ನನ್ನ ಕಡೆ ತಿರುಗುತ್ತಾರೆ. “ಪ್ರೀತಿಯೇ. ಇಲ್ಲ ಹೇಳುದಿಲ್ಲ ನಾನು.”

ಹೆಚ್ಚು ಹಾಕಿದರೆ ಹೆಚ್ಚು ಭದ್ರವಲ್ಲವೇ? ನಾನೂ ಹಾಗೇ ತಿಳಿದಿದ್ದೆ. “ಅಲ್ಲ. ಗೇಟಲ್ಲಿ ನಿಲ್ಲುವವ ಫೈರ್‌ವಾಲ್. ಮನೆ ಒಳಗೆ ಮೂಲೆ ಮೂಲೆ ಹುಡುಕುವವ ಆಂಟಿವೈರಸ್. ಇಬ್ಬರೂ ಬೇಕು, ಜೊತೆಗೇ ಬೇಕು. ಆದ್ರೆ ಒಂದು ಗೇಟಿಗೆ ಮೂವರು ನಿಂತ್ರೆ? ಒಬ್ಬ ಬಾ ಅಂತಾನೆ, ಒಬ್ಬ ನೀನ್ಯಾರು ಅಂತಾನೆ, ಇನ್ನೊಬ್ಬ ಆ ಇಬ್ಬರನ್ನೇ ಕಳ್ಳರು ಅಂತ ಹಿಡೀತಾನೆ.” ನನಗೆ ಅರ್ಥವಾದಂತಾಗುತ್ತದೆ. ಪರದೆ ನೋಡಿದರೆ ಮತ್ತೆ ಎಲ್ಲ ಕಲಸಿಹೋಗುತ್ತದೆ.

“ಒಂದು ತೆಗೀಬೇಕು. ಯಾರದ್ದು ತೆಗೆಯುದು?”

“ಭಾವನದ್ದು ಮುಟ್ಟಬೇಡಿ ಅಕ್ಕ, ಬೇಜಾರು ಮಾಡ್ಕೊಳ್ತಾರೆ.”

“ಹಾಗಾದ್ರೆ ಗಂಡನದ್ದಾ?”

“ತೆಗೀರಿ. ಅವರಿಗೆ ನಾನು ಹೇಳಿಕೊಳ್ತೇನೆ.”

ಗಂಡನದ್ದನ್ನು ತೆಗೆದು, ಕಂಪ್ಯೂಟರಿನದೇ ಫೈರ್‌ವಾಲನ್ನೂ ಆರಿಸಿದ್ದಾಯಿತು. ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆಯಿತು. ಈಗ ಗೇಟಿಗೆ ಒಬ್ಬನೇ, ಭಾವನ ಫೈರ್‌ವಾಲ್. ಸಂದರ್ಶನದ ಕಿಟಕಿ ಮಾತ್ರ ಹಾಗೇ ಸುತ್ತುತ್ತಿದೆ. ಕೆಳಗೆ ಶಾಲೆಯ ಬಸ್ಸುಗಳ ಸದ್ದು ಶುರುವಾಗಿದೆ. ಪ್ರಫುಲ್ಲಕ್ಕ ಗಲ್ಲಕ್ಕೆ ಕೈ ಕೊಡುತ್ತಾರೆ.

“ನಂಗೂ ಮಂಡೆ ಓಡುದಿಲ್ಲ ಈಗ.”

ರಸೀನಾ ಅಂಗಿಯ ತೋಳನ್ನು ಹಿಂಡುತ್ತಾಳೆ. “ಎಲ್ಲ ಆಫ್ ಮಾಡಿಬಿಡಿ ಅಕ್ಕ. ಇಂಟರ್ವ್ಯೂ ಮುಗಿಯುವವರೆಗೆ.”

“ನಿನ್ನ ಗಂಡನ ಬ್ಯಾಂಕು, ನಿನ್ನ ಪಾಸ್‌ಪೋರ್ಟು ಎಲ್ಲ ಇದರಲ್ಲೇ ಉಂಟು. ಬಾಗಿಲು ಹಾರು ಹೊಡೆದಿಟ್ಟು ಇಂಟರ್ವ್ಯೂಗೆ ಕೂರ್ತೀಯಾ? ನಾನು ಮಾಡುದಿಲ್ಲ.”

ಮತ್ತೆ ಹುಡುಕಾಟ. ಕೊನೆಗೆ ಫೈರ್‌ವಾಲಿನ ಪಟ್ಟಿಯೊಂದು ತೆರೆಯುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಮನೆಯವರೇ ಹೇಳಿದ್ದರ ಪಟ್ಟಿ. ಅದರಲ್ಲಿ ಸಂದರ್ಶನದ ತಂತ್ರಾಂಶದ ಎದುರು ಕೆಂಪು ಗುರುತು.

“ಈ ಇಂಟರ್ವ್ಯೂದ್ದು ಒಳಗೆ ಬರಬಹುದಾ ಅಂತ ಫೈರ್‌ವಾಲ್ ನಿನ್ನನ್ನು ಕೇಳಿತ್ತಾ?”

ರಸೀನಾ ಪರದೆಯ ಕಡೆ ಬಾಗುತ್ತಾಳೆ. “ನಿನ್ನೆ ಎಂತದೋ ಕೇಳಿತು. ಏನು ಕೇಳಿದ್ರೂ ಬೇಡ ಅಂತ ಒತ್ತು ಅಂತ ಇವರು ಹೇಳಿದ್ದಾರೆ. ಬೇಡ ಅಂತ ಒತ್ತಿದೆ.”

ತನ್ನ ಸಂದರ್ಶನಕ್ಕೆ ಅವಳೇ ಬೇಡ ಎಂದಿದ್ದಳು. ಪ್ರಫುಲ್ಲಕ್ಕನೇ ನಗಲು ಶುರುಮಾಡುತ್ತಾರೆ. “ಖಲಾಸ್! ಇಷ್ಟೇ. ನಾನು ಒತ್ತುದಿಲ್ಲ, ಬರಲಿ ಅಂತ ನೀನೇ ಒತ್ತು. ಆದ್ರೆ ಮೊದಲು ಓದು, ಜೋರಾಗಿ.”

ರಸೀನಾ ಇಂಗ್ಲಿಷಿನ ಸಾಲನ್ನು ಮಗುವಿಗೆ ಹೇಳಿಕೊಡುವವಳಂತೆ ಓದಿ, ಒತ್ತುತ್ತಾಳೆ. ಕಿಟಕಿ ತೆರೆಯುತ್ತದೆ. ಅದರಲ್ಲಿ ಅವಳದೇ ಮುಖ, ತಲೆ ಬಾಚಿರಲಿಲ್ಲ. “ಅಯ್ಯೋ ಅಲ್ಲಾಹ್!” ಎಂದು ಒಳಗೋಡುತ್ತಾಳೆ.

ಎಂಟಕ್ಕೆ ನಾವಿಬ್ಬರೂ ಮಗುವನ್ನೆತ್ತಿಕೊಂಡು ಅಡುಗೆಮನೆ ಸೇರುತ್ತೇವೆ. ಆಚೆ ಕೋಣೆಯಿಂದ ರಸೀನಾಳ ದನಿ ಮೊದಮೊದಲು ತೊದಲಿ, ಆಮೇಲೆ ಸರಾಗವಾಗಿ ಕೇಳಿಸುತ್ತದೆ. ನಡುವೆ ಕಂಪ್ಯೂಟರ್ ಟಿಂಗ್ ಎನ್ನುತ್ತದೆ. ಮತ್ತೆ ಏನೋ ಕೇಳುತ್ತಿದೆ. ದನಿ ನಿಲ್ಲುತ್ತದೆ. ಪ್ರಫುಲ್ಲಕ್ಕ ಸ್ಟೂಲಿನಿಂದ ಅರ್ಧ ಏಳುತ್ತಾರೆ, ಅಲ್ಲೇ ತಡೆದುಕೊಳ್ಳುತ್ತಾರೆ. “ಸಾರಿ ಸರ್, ಯೆಸ್,” ರಸೀನಾ ಮುಂದುವರಿಸುತ್ತಾಳೆ.

ಮುಗಿಸಿ ಬಂದವಳನ್ನು ಪ್ರಫುಲ್ಲಕ್ಕ ಕೆಲಸದ ಬಗ್ಗೆ ಕೇಳುವುದಿಲ್ಲ. “ನಡುವೆ ಎಂತ ಒತ್ತಿದಿ?”

“ಯಾವುದೋ ಗೇಮಂತೆ ಅಕ್ಕ, ಗುರುತಿಲ್ಲದ್ದು. ಓದಿದೆ. ಬೇಡ ಅಂದೆ.” ಆಮೇಲೆ ನೆನಪಾದಂತೆ, “ನಾಳೆ ಮತ್ತೊಮ್ಮೆ ಮಾತಾಡ್ತಾರಂತೆ.”

ಅಂಗಡಿಗೆ ತಡವಾಗಿದೆ. ಮೆಟ್ಟಿಲಿಳಿಯುತ್ತಾ ನಿಮ್ಮ ಆಸೆಯೇನು ಎಂದು ಕೇಳುತ್ತೇನೆ. ನನ್ನ ಪ್ರಶ್ನೆಯೇ ಅವರಿಗೆ ಗೊಂದಲ ಎನಿಸಿರಬೇಕು. ಒಂದು ಮಹಡಿ ಇಳಿದ ಮೇಲೆ ಉತ್ತರ ಬರುತ್ತದೆ.

“ನಾಳೆ ಕಂಪ್ಯೂಟರ್ ಎಂತ ಕೇಳಿದ್ರೂ ಇವಳು ನಂಗೆ ಫೋನ್ ಮಾಡಬಾರದು. ಅಷ್ಟೇ.”